ಮಂಗನ ಕಾಯಿಲೆಯ ಊರಿನವಳು ನಾನು. ಲಂಡನ್‌ಗೆ ಹೋಗಲೋ, ಜಿಲ್ಲೆಗೆ ವಾಪಸ್ ಬರಲೋ?

ಹೊಸನಗರದವಳು:

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ನರ್ಸಿಂಗ್ ಓದಿ, ಆಮೇಲೆ ಎಂ.ಪಿ.ಎಚ್. (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಿದೆ. ಈಗ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದೇನೆ. ಮಲಾವಿ, ಜಾಂಬಿಯಾ ಕಡೆಯ ಲಸಿಕೆಯ ಲೆಕ್ಕ ಡ್ಯಾಶ್‌ಬೋರ್ಡ್‌ಗೆ ಹಾಕುವುದು, ಸಂಜೆ ಜಿನೀವಾದವರ ಜೊತೆ ಕಾಲ್. ಸಂಬಳ ಸರಿಯಾಗಿ ಬರುತ್ತದೆ. ಆದರೆ ಆ ಊರುಗಳನ್ನು ನಾನು ನೋಡಿಲ್ಲ, ಅಲ್ಲಿಯ ಒಬ್ಬ ನರ್ಸ್ ಜೊತೆಯೂ ಮಾತಾಡಿಲ್ಲ. ಯಾವುದೋ ಜಿಲ್ಲೆಯ ಅಂಕಿ ಕೆಂಪಾದರೆ ಯಾಕೆ ಅಂತ ಕೇಳಿ ಮೇಲ್ ಹಾಕುತ್ತೇನೆ. ಅಲ್ಲಿ ರಸ್ತೆ ಕೊಚ್ಚಿಹೋಗಿತ್ತೋ, ಲಸಿಕೆ ಇಡುವ ಫ್ರಿಜ್ ಕೆಟ್ಟಿತ್ತೋ, ಇಲ್ಲಿ ಕೂತವಳಿಗೆ ಹೇಗೆ ಗೊತ್ತಾಗಬೇಕು?

ನಮ್ಮದು ಮಲೆನಾಡು. ಚಿಕ್ಕಮ್ಮ ಆಶಾ ಕಾರ್ಯಕರ್ತೆ. ಬೇಸಿಗೆ ಬಂತೆಂದರೆ ನಮ್ಮ ಕಡೆ ಎಲ್ಲರಿಗೂ ಒಂದೇ ಭಯ, ಮಂಗನ ಕಾಯಿಲೆ. ಈ ವೈರಸ್ ಮೊದಲು ಸಿಕ್ಕಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋದವರಿಗೆ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಕಚ್ಚುತ್ತದೆ, ಆಮೇಲೆ ಜ್ವರ. ಅದಕ್ಕೇ ಅಂತ ಔಷಧಿ ಇಲ್ಲ. ಇದ್ದ ಹಳೇ ಲಸಿಕೆಯ ಶಕ್ತಿ ಸಾಲದು ಅಂತ 2022ರಲ್ಲಿ ಅದನ್ನೂ ನಿಲ್ಲಿಸಿದರು. ಈಗ ಉಣುಗು ಹತ್ತದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ ಅನ್ನುತ್ತಾರೆ.

ಓದುವಾಗ ಒಂದು ವಿಷಯ ಗೊತ್ತಾಯಿತು. ಇದೇ ಗುಂಪಿನ, ಇದೇ ಥರ ಉಣುಗಿನಿಂದಲೇ ಬರುವ ಇನ್ನೊಂದು ವೈರಸ್ ಯುರೋಪಿನ ಕಾಡುಗಳಲ್ಲಿದೆ. ಅದು ಮೆದುಳು ಜ್ವರ ತರುತ್ತದೆ. ಅದಕ್ಕೆ 1970ರ ದಶಕದಲ್ಲೇ ಒಳ್ಳೆಯ ಲಸಿಕೆ ಬಂತು. ಆಸ್ಟ್ರಿಯಾದಲ್ಲಿ 1981ರಿಂದ ಇಡೀ ದೇಶದಲ್ಲಿ ಅಭಿಯಾನ ಮಾಡಿದರು, ಕಾಯಿಲೆ ಎಷ್ಟೋ ಇಳಿಯಿತು. ಅಲ್ಲಿ ವಾಕಿಂಗ್ ಹೋಗುವವರಿಗೂ ಲಸಿಕೆ ಇದೆ. ಇಲ್ಲಿ ಹೊಟ್ಟೆಪಾಡಿಗೆ ಕಾಡಿಗೆ ಹೋಗುವವರಿಗೆ ಎಣ್ಣೆ. ಅದನ್ನು ಓದಿದ ಮೇಲೆ ನನಗೆ ಈ ಡ್ಯಾಶ್‌ಬೋರ್ಡ್ ಮುಂದೆ ಕೂರುವುದು ಕಷ್ಟವಾಗಿದೆ.

ಈಗ ಎರಡು ದಾರಿ ಇವೆ. ಲಂಡನ್‌ನಲ್ಲಿ ಒಂದು ಮಾಸ್ಟರ್ಸ್ ಸೀಟು, ಅರ್ಧ ಸ್ಕಾಲರ್‌ಶಿಪ್. ಇಲ್ಲವೇ ಮಲೆನಾಡಲ್ಲೇ ಸಾಂಕ್ರಾಮಿಕ ರೋಗಗಳ ಗುತ್ತಿಗೆ ಕೆಲಸ, ಸಂಬಳ ಈಗಿನ ಅರ್ಧಕ್ಕಿಂತ ಕಮ್ಮಿ. ಜಗತ್ತಿನ ಈ ಅಸಮಾನತೆ ಸರಿಹೋಗಬೇಕು ಅನ್ನುವವರು ಎಲ್ಲಿ ಕೂತು ಕೆಲಸ ಮಾಡಬೇಕು? ಫೀಲ್ಡ್‌ನಲ್ಲಿ ಇರುವವರು ದಯವಿಟ್ಟು ಹೇಳಿ.

ತಾಲ್ಲೂಕು ಡಾಕ್ಟರ್:

ತಂಗಿ, ಇಲ್ಲಿನ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ, ನೀವೇ ತೂಗಿ ನೋಡಿ. ಮಂಗ ಸತ್ತಿದೆ ಅಂತ ಫೋನ್ ಬರುತ್ತದೆ. ಈ ಕಾಯಿಲೆಗೆ ಮಂಗಗಳೂ ಸಾಯುತ್ತವೆ, ಸತ್ತ ಮಂಗದ ಮೈಯಿಂದ ಉಣುಗು ಸುತ್ತ ಹರಡುತ್ತವೆ. ಪಶುವೈದ್ಯರನ್ನು ಕರೆಸಬೇಕು, ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕಿಸಬೇಕು, ಊರಿನವರು ಆ ಕಡೆ ಹೋಗದ ಹಾಗೆ ನೋಡಿಕೊಳ್ಳಬೇಕು. ಜ್ವರದವರ ರಕ್ತ ಶುರುವಿನ ದಿನಗಳಲ್ಲೇ ತೆಗೆದು, ತಣ್ಣಗಿಟ್ಟು ಶಿವಮೊಗ್ಗದ ಲ್ಯಾಬ್‌ಗೆ ಕಳಿಸಬೇಕು.

ಕಷ್ಟ ಇರುವುದು ಆ 'ಶುರುವಿನ ದಿನಗಳಲ್ಲೇ' ಎಂಬಲ್ಲಿ. ಕಾಯಿಲೆಯ ಸೀಸನ್ನೂ ಅಡಿಕೆ ಕೊಯ್ಲೂ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತವೆ. ಕೂಲಿಗೆ ಹೋಗುವ ಹೆಣ್ಣುಮಗಳು ಜ್ವರ ಬಂದರೂ ಮಾತ್ರೆ ನುಂಗಿ ಅಡಿಕೆ ಸುಲಿಯಲು ಕೂರುತ್ತಾಳೆ. ಆಸ್ಪತ್ರೆಗೆ ಬಂದರೆ ಆ ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ವಸಡಲ್ಲಿ ರಕ್ತ ಬಂದ ಮೇಲೆ ನಮ್ಮ ಹತ್ತಿರ ಬರುತ್ತಾಳೆ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹರಡಿ ಜನ ಸತ್ತದ್ದು ನಿಮಗೂ ನೆನಪಿರಬೇಕು. ಸ್ಯಾಂಪಲ್ ಮನೆ ಬಾಗಿಲಲ್ಲೇ ತೆಗೆಯಬೇಕು. ಅದಕ್ಕೆ ಊರು ಗೊತ್ತಿರುವ, ಅಂಕಿಯೂ ಗೊತ್ತಿರುವ ಒಬ್ಬರು ಬೇಕು. ಇಂಥವರು ನಮ್ಮಲ್ಲಿ ಬಹಳ ಕಮ್ಮಿ.

ಗುತ್ತಿಗೆ ಸಂಬಳ ತಡವಾಗುತ್ತದೆ. ಮೂರು ತಿಂಗಳ ಖರ್ಚಿಗೆ ಆಗುವಷ್ಟು ದುಡ್ಡು ಕೈಯಲ್ಲಿಟ್ಟುಕೊಂಡೇ ಬನ್ನಿ.

ಸಾಲದ ಕಂತು:

ಮೇಡಂ, ಸ್ಕಾಲರ್‌ಶಿಪ್ ಅರ್ಧ ಅಂದಿರಿ. ಉಳಿದರ್ಧಕ್ಕೆ ಅಪ್ಪನ ತೋಟ ಅಡ ಇಡಬೇಕಾದರೆ ಹೋಗಬೇಡಿ. ನಾನು ಹಾಗೇ ಓದಲು ಮಾಡಿದ ಸಾಲ ತೀರಿಸಲು ಇಷ್ಟವಿಲ್ಲದ ಕನ್ಸಲ್ಟಿಂಗ್ ಕೆಲಸದಲ್ಲಿ ಇದ್ದೇನೆ. ಸಾಲ ಇದ್ದವರಿಗೆ ಜಿಲ್ಲೆಯ ಕೆಲಸ ಆಮೇಲೆ ಸಿಕ್ಕರೂ ಒಪ್ಪಿಕೊಳ್ಳೋಕೆ ಆಗಲ್ಲ.

ಲೇಮನ್ ಸರೋವರ:

ನಾನು ಧಾರವಾಡದವಳು, ಜಿನೀವಾದಲ್ಲಿದ್ದೇನೆ. ಇಲ್ಲಿನ ಕೆಲಸ ಗಟ್ಟಿ ಅಂತ ಊರಲ್ಲಿ ಎಲ್ಲರೂ ಅಂದುಕೊಳ್ಳುತ್ತಾರೆ. 2025ರಲ್ಲಿ ಅಮೆರಿಕ ಬೇರೆ ದೇಶಗಳ ಆರೋಗ್ಯಕ್ಕೆ ಕೊಡುತ್ತಿದ್ದ ಹಣ ನಿಲ್ಲಿಸಿದಾಗ ಮೊದಲು ಮನೆಗೆ ಹೋದವರು ಸಣ್ಣ ಗುತ್ತಿಗೆಯಲ್ಲಿದ್ದ ಹುಡುಗ ಹುಡುಗಿಯರೇ. ವೀಸಾದ ಕಥೆಯೂ ಹಾಗೇ. 2022ರಲ್ಲಿ ಮಾಂಟ್ರಿಯಲ್‌ನಲ್ಲಿ ಏಡ್ಸ್ ಸಮ್ಮೇಳನ ನಡೆದಾಗ ಆಫ್ರಿಕಾದ ಎಷ್ಟೋ ಜನರಿಗೆ ವೀಸಾ ಸಿಗಲಿಲ್ಲ. ಯಾರ ಬಗ್ಗೆ ಮಾತೋ ಅವರೇ ಹೊರಗೆ.

ಆದರೆ ಇಲ್ಲಿ ಕೂತು ನಾನು ನೋಡಿದ ಒಂದು ಒಳ್ಳೆಯ ಸಂಗತಿ ಹೇಳಬೇಕು. ನೋಮಾ ಅಂತ ಒಂದು ಕಾಯಿಲೆ ಇದೆ. ತೀರಾ ಬಡ ಮಕ್ಕಳ ಬಾಯಿಯಲ್ಲಿ ಶುರುವಾಗಿ ಮುಖವನ್ನೇ ತಿನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ನೈಜೀರಿಯಾ ಪಟ್ಟು ಹಿಡಿದು ಫೈಲ್ ತಯಾರಿಸಿತು, ಬೇರೆ ದೇಶಗಳೂ ಕೈಜೋಡಿಸಿದವು. ನೋಮಾದಿಂದ ಬದುಕಿ ಉಳಿದವರೂ ದನಿ ಎತ್ತಿದರು. 2023ರ ಡಿಸೆಂಬರ್‌ನಲ್ಲಿ ಅದು ಪಟ್ಟಿ ಸೇರಿತು. ಫೈಲ್ ಒಳಗೆ ಏನಿರಬೇಕು? ಎಷ್ಟು ಜನಕ್ಕೆ ಬಂತು, ಎಲ್ಲಿ, ಯಾವ ವಯಸ್ಸಿನವರಿಗೆ, ಎಷ್ಟು ಜನ ಸತ್ತರು. ಇದನ್ನು ಜಿನೀವಾದಲ್ಲಿ ಯಾರೂ ಎಣಿಸಿ ಕೊಡಲ್ಲ. ಜ್ವರದ ಹೆಣ್ಣುಮಗಳು ಲೆಕ್ಕಕ್ಕೇ ಸಿಗದಿದ್ದರೆ ಮಂಗನ ಕಾಯಿಲೆಗೆ ಇಲ್ಲಿ ಯಾರೂ ದನಿ ಎತ್ತೋಕೆ ಆಗಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಜಿಲ್ಲೆ. ಲಂಡನ್ ಸೀಟನ್ನು ಒಂದು ವರ್ಷ ಮುಂದೂಡಲು ಆಗುತ್ತದಾ ಅಂತ ಪತ್ರ ಬರೆಯಿರಿ, ಎಷ್ಟೋ ಕಡೆ ಒಪ್ಪುತ್ತಾರೆ.

ಹೊಸನಗರದವಳು:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಸೀಟು ಮುಂದೂಡುವ ಬಗ್ಗೆ ಇವತ್ತೇ ಬರೆದೆ. ತೋಟ ಅಡ ಇಡುವ ಮಾತು ಮನೆಯಲ್ಲಿ ಆಗಲೇ ಬಂದಿತ್ತು, ಅದು ಬೇಡ ಅಂತ ಅಪ್ಪನಿಗೆ ಹೇಳುತ್ತೇನೆ.

ಡಾಕ್ಟರ್ ಸರ್, ನಿಮಗೊಂದು ಪ್ರಶ್ನೆ. ಅಡಿಕೆ ಸುಲಿಯುವ ಮನೆಗಳಿಗೇ ಸಂಜೆ ಹೊತ್ತು ಹೋಗಿ ಸ್ಯಾಂಪಲ್ ತೆಗೆದರೆ? ಎಲ್ಲರೂ ಒಂದೇ ಕಡೆ ಕೂತಿರುತ್ತಾರೆ, ಕೂಲಿಯೂ ಹೋಗಲ್ಲ. ಚಿಕ್ಕಮ್ಮನನ್ನು ಕೇಳಿದೆ, ಆಗುತ್ತದೆ ಅಂದಳು. ಆದರೆ ರಾತ್ರಿ ಸ್ಯಾಂಪಲ್ ಇಡಲು ಐಸ್ ಬಾಕ್ಸ್ ಬೇಕು, ಬೆಳಿಗ್ಗೆ ಮೊದಲ ಬಸ್‌ಗೆ ಕಳಿಸಲು ಒಬ್ಬರು ಬೇಕು ಅಂತಾಳೆ. ಇದನ್ನು ಪಿ.ಎಚ್.ಸಿ.ಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಯಾರ ಹತ್ತಿರ ಕೇಳಬೇಕು?