ವಿಮಾನದ ಬಂಕಿನಾಗ ನಿದ್ದಿ: ತಂಗಿಗೆ ಏನ ಹೇಳಿ ಕಳಸೂದು?

ಟಿಳಕವಾಡಿ, ಬೆಳಗಾವಿ: ತಂಗಿ ಕ್ಯಾಬಿನ್ ಕ್ರ್ಯೂ (ಗಗನಸಖಿ) ಅದಾಳ. ಇಷ್ಟ ದಿನ ಸಣ್ಣ ರೂಟ್, ಇನ್ನ ಮುಂದ ಬೋಯಿಂಗ್ 777ರಾಗ ಬೆಂಗಳೂರಿಂದ ಅಮೆರಿಕಾಕ್ಕ, ಸುಮಾರು 16 ತಾಸು. ನಡುವ ಮಲಗಾಕ ಬಂಕ್ ಇರ್ತಾವಂತ. ತಿಳದವ್ರು ಹೇಳ್ರಿ.

ನವನಗರ, ಬಾಗಲಕೋಟೆ: ಬೆಂಗಳೂರು ಸ್ಲೀಪರ್ ಬಸ್ಸಿನ ಮ್ಯಾಲಿನ ಬರ್ತ್ ಇದ್ದಂಗ, ಅದಕ್ಕಿಂತ ತುಸು ಇಕ್ಕಟ್ಟು. 777ರಾಗ ಸಾಮಾನ್ಯವಾಗಿ ಹಿಂದಿನ ಕಡೆ, ಪ್ರಯಾಣಿಕರ ತಲಿ ಮ್ಯಾಲಿನ ಅಟ್ಟದಾಗ ಇರ್ತಾವು. ಕಪಾಟಿನಂಥ ಬಾಗಿಲು, ಒಳಗ ಕಡಿದಾದ ಮೆಟ್ಟಿಲು. ಕಂಪನಿ ಮಾಡಿಸಿಕೊಂಡಂಗ 6ರಿಂದ 10 ಬಂಕು. ಪೈಲಟ್‌ಗಳದು ಬ್ಯಾರೆ, ಮುಂದಿನ ಕಡೆ. ಬೋಯಿಂಗ್ 787 ಆದ್ರ ಹಿಂದ ಸಾಮಾನ್ಯವಾಗಿ 6. ಕೆಲವು ಏರ್‌ಬಸ್ ಎ330ರಾಗ ಕೆಳಗ, ಸರಕು ತುಂಬೂ ಜಾಗದಾಗ. ಟೇಕಾಫ್, ಲ್ಯಾಂಡಿಂಗ್ ಹೊತ್ತಿನಾಗ ಅಟ್ಟದಾಗ ಯಾರೂ ಇರೂ ಹಂಗಿಲ್ಲ.

ಲೆಕ್ಕ ಹಿಂಗ: 16 ತಾಸಿನಾಗ ಮೊದಲನೇ ಊಟಕ್ಕ ಎರಡೂವರೆ, ಇಳಿಯೂ ಮುಂಚಿನ ಊಟಕ್ಕ ಎರಡೂವರೆ ಹೋದ್ರ 11 ಉಳೀತು. ಪಾಳಿ ಮ್ಯಾಲ ಮಲಗೂ ಎರಡು ತಂಡ, ತಲಾ ಐದೂವರೆ. ಅಷ್ಟೂ ನಿದ್ದಿ ಅಂತ ತಿಳೀಬ್ಯಾಡ್ರಿ. ಬಟ್ಟಿ ಬದಲಿಸಿ ಏರಾಕ ಅರ್ಧ ತಾಸು, ಎದ್ದ ಮ್ಯಾಲ ಮಂಪರ ಹರಿಯಾಕ 20–30 ನಿಮಿಷ. ಮಂಪರಿನಾಗ ಬಿಸಿ ನೀರಿನ ಜಗ್ಗ ಹಿಡದ್ರ ಕೈ ಸುಡತೈತಿ.

ವಿಜಯಪುರ: ಹೊಸಬರು ಮಾಡುವ ಮೊದಲ ತಪ್ಪು ಬಂಕಿನ ಬೆಲ್ಟಿನದು. ಬೆಲ್ಟ್ ಹೊದಿಕೆಯ ಮೇಲೆ ಹಾಕಬೇಕು, ಕೆಳಗಲ್ಲ. ಸೀಟ್‌ಬೆಲ್ಟ್ ದೀಪ ಹತ್ತಿದಾಗ ಸಹೋದ್ಯೋಗಿ ಟಾರ್ಚ್ ಹಿಡಿದು ನೋಡಲು ಬರುತ್ತಾರೆ; ಕಾಣದಿದ್ದರೆ ಎಬ್ಬಿಸಲೇಬೇಕು. ಬೆಲ್ಟೇ ಇಲ್ಲದಿದ್ದರೆ, ಗಾಳಿಯ ಹೊಡೆತಕ್ಕೆ ಸೂರಿಗೆ ತಲೆ ಬಡಿಯಲು ಹೆಚ್ಚು ದೂರವೇನಿಲ್ಲ. ಹೇರ್ ಸ್ಪ್ರೇ, ಸೆಂಟು ಅಟ್ಟದಲ್ಲಿ ಹೊಡೆಯಬಾರದು, ಹೊಗೆ ಪತ್ತೆ ಯಂತ್ರ ಕೂಗಿಬಿಡಬಹುದು.

ಫೋಮ್ ಇಯರ್‌ಪ್ಲಗ್ ಒಯ್ಯಲಿ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸುಮ್ಮನೆ ತುರುಕಿದರೆ ಎಂಜಿನ್ ಸದ್ದು ಹಾಗೇ ಕೇಳುತ್ತದೆ. ದಿಂಬಿನ ಚೀಲ, ತೆಳು ಸ್ವೆಟರ್, ಕಾಲುಚೀಲ, ಲಿಪ್ ಬಾಮ್ ಸಾಕು. ಗಾಳಿ ಒಣಗಿರುವುದರಿಂದ ತುಟಿ ಬಿರಿಯುತ್ತದೆ.

ಗೋಕಾಕ: ಊಟದ ಮಾತು ಯಾರೂ ಎತ್ತಲಿಲ್ಲ. ಒಳಗಿನ ಗಾಳಿ ಒತ್ತಡ 6,000ದಿಂದ 8,000 ಅಡಿ ಎತ್ತರದ ಗುಡ್ಡದ ಮ್ಯಾಲ ಇದ್ದಷ್ಟ. ಹೊಟ್ಯಾಗಿನ ಗಾಳಿ ಉಬ್ಬತೈತಿ. ಮಡಕಿ ಕಾಳು, ಸೋಡಾ ಅವತ್ತು ಬ್ಯಾಡ. ರೊಟ್ಟಿ, ಮೊಸರು ಚಲೋ. ಶೇಂಗಾ ಚಟ್ನಿ ಕಮ್ಮಿ, ನೀರಡಿಕಿ ಆಗತೈತಿ. ಕಾಫಿ ಕುಡದ 5 ತಾಸಿನ ಮ್ಯಾಲೂ ಅರ್ಧದಷ್ಟು ಕೆಫೀನ್ ಮೈಯಾಗ ಇರತೈತಿ, ಮೊದಲನೇ ತಂಡ ಬಂದ್ರ ಹತ್ತಿದ ಕೂಡ್ಲೇ ಕಾಫಿ ಕುಡೀಬಾರ್ದು.

ನನ್ನ ಕೇಳಿದ್ರ ಬಂಕಿಗಿಂತ ದೊಡ್ಡ ಸಮಸ್ಯೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ರಾತ್ರಿ ಬೆಳಗಾವ್ಯಾಗ ಹತ್ತಿ, ಬೆಳಿಗ್ಗೆ ಬೆಂಗಳೂರಾಗ ಇಳದು, ಅವತ್ತ ಡ್ಯೂಟಿಗೆ ಹೋಗೂದು ಬ್ಯಾಡ. ಕಂಪನಿ ತನ್ನ ಕೆಲಸಕ್ಕ ಕಳಸಿದ ಪ್ರಯಾಣ ಡ್ಯೂಟಿ ಲೆಕ್ಕಕ್ಕ ಬರತೈತಿ, ಮನಿಯಿಂದ ಬಂದದ್ದು ಬರೂದಿಲ್ಲ. ಒಂದಿನ ಮೊದಲ ಹೋಗಿ ಅಲ್ಲೇ ಮಲಗಲಿ.

ಟಿಳಕವಾಡಿ, ಬೆಳಗಾವಿ: ಅಕಿಗೆ ಆಗಾಗ ನೆಗಡಿ ಆಗತೈತ್ರಿ.

ವಿಜಯಪುರ: ಮೂಗು ಕಟ್ಟಿದ್ದರೆ ಹಾರಬಾರದು, ಆರೋಗ್ಯ ಸರಿಯಿಲ್ಲವೆಂದು ಬರೆಸಬೇಕು. ಇಳಿಯುವಾಗ ಕಿವಿಯೊಳಗಿನ ಒತ್ತಡ ಸರಿಹೋಗದೆ ಪರದೆ ಹರಿಯಬಹುದು. ಮಲಗಿದ್ದವರನ್ನು ವಿಮಾನ ಇಳಿಯತೊಡಗುವ ಮೊದಲೇ ಎಬ್ಬಿಸಲಿ; ನಿದ್ದೆಯಲ್ಲಿ ಎಂಜಲು ನುಂಗುವುದು ಕಡಿಮೆ, ಕಿವಿ ತೆರೆಯುವುದಿಲ್ಲ.