ಡಂಪ್ ಫೈಲ್ ಹೆಸರಿಗೆ ದಿನಾಂಕ: ಕ್ರಾನ್‌ನಲ್ಲಿ ಮಾತ್ರ ಕೈಕೊಡುತ್ತೆ

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡಂಪ್ (ಬ್ಯಾಕಪ್ ಪ್ರತಿ) ಫೈಲಿನ ಹೆಸರಿಗೆ ಡೇಟ್ ಕಮಾಂಡ್ ಸೇರಿಸಿದ್ದೇನೆ. ಟರ್ಮಿನಲ್‌ನಲ್ಲಿ ಸರಿ ಇದೆ, ಕ್ರಾನ್‌ಟ್ಯಾಬ್‌ಗೆ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನ ಪಟ್ಟಿ) ಹಾಕಿದರೆ ಫೈಲೇ ಬರಲ್ಲ. ಯಾಕೆ?

ಉತ್ತರ 1: ಡೇಟ್ ಕಮಾಂಡಿನಲ್ಲಿರುವ % ಚಿಹ್ನೆಯದೇ ಕಿತಾಪತಿ. ಕ್ರಾನ್‌ಟ್ಯಾಬ್‌ನಲ್ಲಿ ಅದು ಹೊಸ ಸಾಲು ಎಂದರ್ಥ. ಕಮಾಂಡ್ ಅಲ್ಲಿಗೇ ತುಂಡಾಗುತ್ತೆ. ಪ್ರತಿ % ಮುಂಚೆ \ ಹಾಕಿ. ಇಡೀ ಸಾಲನ್ನು ಶೆಲ್ ಸ್ಕ್ರಿಪ್ಟಿಗೆ ಎತ್ತಿಟ್ಟರೆ ಇನ್ನೂ ವಾಸಿ, ಅಲ್ಲಿ \ ಬೇಡ.

ಉತ್ತರ 2: ತಾರೀಕು 2025-03-09 ಥರ ವರ್ಷದಿಂದಲೇ ಶುರುವಾಗಲಿ, ಪಟ್ಟಿ ತಾನಾಗಿ ಕಾಲಾನುಕ್ರಮದಲ್ಲಿ ಬರುತ್ತೆ. ದಿನಕ್ಕೆರಡು ಸಲ ಓಡಿಸಿದರೆ ಗಂಟೆ-ನಿಮಿಷವೂ ಬೇಕು, ಇಲ್ಲವಾದರೆ ಬೆಳಗಿನ ಡಂಪ್ ಅಳಿಸಿಹೋಗುತ್ತೆ. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ (ವಿಶ್ವ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ), ನಮ್ಮ ಬೆಳಗಿನ 5:30ಕ್ಕೆ ಮುಂಚಿನ ಡಂಪಿಗೆ ಹಿಂದಿನ ದಿನದ ತಾರೀಕು ಬೀಳುತ್ತೆ.

ಪ್ರಶ್ನೆ ಕೇಳಿದವರು: \ ಹಾಕಿದೆ, ಫೈಲ್ ಬಂತು. ಆದರೆ 0 ಬೈಟ್!

ಉತ್ತರ 1: ಪಾಸ್‌ವರ್ಡ್ ಕೇಳಲು ಕ್ರಾನ್‌ಗೆ ಟರ್ಮಿನಲ್ ಇಲ್ಲವಲ್ಲ. ಪಾಸ್‌ವರ್ಡನ್ನು ಹೋಮ್ ಫೋಲ್ಡರಿನ .ಪಿಜಿಪಾಸ್ (.pgpass) ಫೈಲಿನಲ್ಲಿಡಿ. ಅನುಮತಿ 0600 (ಮಾಲೀಕ ಮಾತ್ರ ಓದಿ ಬರೆಯಬಹುದು) ಇರಲಿ, ಸಡಿಲವಾಗಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಓದಲ್ಲ.