ಪದಚರ್ಚೆ: 1918ರ ಕುದುರೆ ಪಡೆಯ 'ಫೀಲ್ಡ್ ಡ್ರೆಸ್'ಗೆ ಕನ್ನಡದಲ್ಲಿ ಏನಂತ ಬರೆಯೋದು? (ತುರ್ತು)

ಎಲ್ಲರಿಗೂ ನಮಸ್ಕಾರ.

ನಾಳೆ ಮಧ್ಯಾಹ್ನದೊಳಗೆ ಫಲಕದ ಬರಹ ಪ್ರಿಂಟಿಗೆ ಹೋಗಬೇಕು. ಬೆಂಗಳೂರಿನಲ್ಲಿ ಒಂದು ಸಣ್ಣ ಪ್ರದರ್ಶನ ಇದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾ ಪಟ್ಟಣ ಹಿಡಿದ ಕಾಳಗದಲ್ಲಿ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ಪಡೆ) ಇದ್ದರಲ್ಲ, ಆ ಕಾಲದ ನಮ್ಮ ಕುದುರೆ ಪಡೆಗಳು ಯುದ್ಧಕ್ಕೆ ಹೋದಾಗ ಏನು ಹಾಕಿಕೊಳ್ಳುತ್ತಿದ್ದವು ಅನ್ನೋದನ್ನು ಕೆಲವು ಗೆಳೆಯರು ಹೊಲಿಸಿ, ತೊಟ್ಟು ತೋರಿಸುತ್ತಾರೆ. ಬಾಡಿಗೆಗೆ ತಂದ ನಾಟಕದ ಬಟ್ಟೆ ಅಲ್ಲ. ಹಳೆಯ ಫೋಟೊ ನೋಡಿ, ಅಂಥದ್ದೇ ದಪ್ಪ ಹತ್ತಿ ಬಟ್ಟೆ ಹುಡುಕಿ, ಗುಂಡಿ ಎಲ್ಲಿತ್ತೋ ಅಲ್ಲೇ ಹಾಕಿಸಿದ್ದಾರೆ. ಉದ್ದನೆಯ ಖಾಕಿ ಕುರ್ತಾ, ತಲೆಗೆ ಖಾಕಿ ಸುತ್ತು, ಮಂಡಿಯ ಕೆಳಗೆ ಉಣ್ಣೆಯ ಪಟ್ಟಿ, ಎದೆಗೆ ಅಡ್ಡವಾಗಿ ಗುಂಡು ಇಡುವ ಚರ್ಮದ ಬೆಲ್ಟು, ಕೈಯಲ್ಲಿ ಬಿದಿರಿನ ಹಿಡಿಯ ಈಟಿ.

ನನಗೆ ಬೇಕಾಗಿರೋದು ನಾಲ್ಕು ಪದ: ಫೀಲ್ಡ್ ಡ್ರೆಸ್ (ಯುದ್ಧಕ್ಕೆ ಹೋದಾಗ ಹಾಕುವ ಈ ಬಟ್ಟೆ), ಪಟ್ಟೀಸ್ (ಮಂಡಿಯ ಕೆಳಗಿನ ಆ ಪಟ್ಟಿ), ಬ್ಯಾಂಡೋಲಿಯರ್ (ಎದೆಯ ಮೇಲಿನ ಆ ಬೆಲ್ಟು), ರೀಎನಾಕ್ಟ್‌ಮೆಂಟ್ (ಹೀಗೆ ಹಳೆಯದನ್ನು ತೊಟ್ಟು ಮತ್ತೆ ಮಾಡಿ ತೋರಿಸೋದು). ಯಂತ್ರಾನುವಾದ 'ಕ್ಷೇತ್ರ ಉಡುಗೆ' ಅಂತ ಕೊಟ್ಟಿತು. ಅದನ್ನು ಓದಿದವರು ಧರ್ಮಸ್ಥಳಕ್ಕೆ ಹೊರಟಿದ್ದಾರೆ ಅಂದುಕೊಳ್ಳುತ್ತಾರೆ. ಸುಮ್ನೆ 'ಸಮವಸ್ತ್ರ' ಅಂದರೆ ದಸರಾ ಮೆರವಣಿಗೆಯ ಕುದುರೆ ಪೊಲೀಸರು ಕಣ್ಣಿಗೆ ಬರುತ್ತಾರೆ. ಪ್ರದರ್ಶನದ ವಿಷಯವೇ ಇವೆರಡರ ವ್ಯತ್ಯಾಸ.
— ವ.ಸು., ಬೆಂಗಳೂರು

*

ವ.ಸು. ಅವರೇ,

ಕಾಳಗದುಡುಗೆ. ಕಾಲ್ಸುತ್ತು. ಗುಂಡುಪಟ್ಟಿ. ಮರುಕಟ್ಟಣೆ. ನಾಲ್ಕೂ ಆಯಿತು. ಲ್ಯಾನ್ಸರ್‌ಗೆ 'ಈಟಿರಾವುತ' ಬರೆಯಿರಿ. ಸಕ್ಕದದ (ಸಂಸ್ಕೃತದ) ಸಮವಸ್ತ್ರ ಬೇಡವೇ ಬೇಡ. ಬಣ್ಣಕ್ಕೆ 'ಕಾಕಿ' ಸಾಕು, ಮಹಾಪ್ರಾಣ ನಮ್ಮ ಬಾಯಲ್ಲಿ ಇಲ್ಲ.
— ರಾ.ಶೆ.

*

ಕಾಕಿ ಅಂದರೆ ಹೆಣ್ಣು ಕಾಗೆ. ಫಲಕದಲ್ಲಿ ಹಾಕಿಸಿ, ಚೆನ್ನಾಗಿರುತ್ತದೆ.

ರಾವುತ ಅಚ್ಚಗನ್ನಡ ಅಂತ ಯಾರು ಹೇಳಿದರು? ಅದು ರಾಜಪುತ್ರದ ತದ್ಭವ. ಬಾಗಿಲಲ್ಲಿ ಸಂಸ್ಕೃತವನ್ನು ತಡೆದು ಹಿತ್ತಲಿನಿಂದ ಒಳಗೆ ಬಿಟ್ಟುಕೊಂಡ ಹಾಗಾಯಿತು.

'ಕಾಳಗದುಡುಗೆ' ಅರ್ಥದಲ್ಲೇ ತಪ್ಪು. ಕಾಳಗ ಒಂದು ದಿನ ನಡೆಯುತ್ತದೆ. ಉಳಿದ ದಿನವೆಲ್ಲ ಸಿಪಾಯಿ ಅದೇ ಬಟ್ಟೆಯಲ್ಲಿ ನಡೆಯುತ್ತಾನೆ, ಕುದುರೆ ತೊಳೆಯುತ್ತಾನೆ, ಗುಂಡಿ ತೋಡುತ್ತಾನೆ, ಮಲಗುತ್ತಾನೆ. 'ದಂಡು' ಅನ್ನುವ ಪದ ಇರುವುದೇ ಇದಕ್ಕೆ. ದಂಡು ಅಂದರೆ ಸೈನ್ಯವೂ ಹೌದು, ಅದು ಬೀಡು ಬಿಟ್ಟ ಜಾಗವೂ ಹೌದು. ನಿಮ್ಮೂರಿನ ಕಂಟೋನ್ಮೆಂಟಿಗೆ ಬೆಂಗಳೂರು ದಂಡು ಅಂತ ರೈಲ್ವೆಯವರೇ ಬರೆದಿದ್ದಾರೆ. 'ದಂಡಿನ ಉಡುಪು' ಬರೆಯಿರಿ. ಎದುರು ಪದ 'ಮೆರವಣಿಗೆಯ ಉಡುಪು'.
— ಶಿ.ಪಾ., ಧಾರವಾಡ

*

ದಂಡು ಮಾತ್ರ ಸಂಸ್ಕೃತದ 'ದಂಡ' ಅಲ್ವಾ? ನಿಮಗೊಂದು ನ್ಯಾಯ, ನಮಗೊಂದು ನ್ಯಾಯ.
— ರಾ.ಶೆ.

*

ನಾನು ಬೇಡ ಅಂದದ್ದು ಸಂಸ್ಕೃತವನ್ನಲ್ಲ, ಅಚ್ಚಗನ್ನಡ ಅಂತ ಸುಳ್ಳು ಹೇಳುವುದನ್ನು.
— ಶಿ.ಪಾ.

*

ವ.ಸು. ಮೇಡಂ, ಬ್ಯಾಂಡೋಲಿಯರ್‌ಗೆ ಪದ ಕಟ್ಟುವ ಅಗತ್ಯವೇ ಇಲ್ಲ. ನಮ್ಮ ಮಲೆನಾಡಿನಲ್ಲಿ ಕೋವಿ ಇರುವ ಯಾರನ್ನಾದರೂ ಕೇಳಿ. ಕೇಪಿನ ಕೋವಿ ಬೇರೆ, ತೋಟಾ ಕೋವಿ ಬೇರೆ. ತೋಟಾ ಅಂದರೆ ಕಾರ್ಟ್ರಿಜ್: ಮದ್ದು, ಗುಂಡು, ಕೇಪು ಮೂರೂ ಒಂದೇ ಕೊಳವೆಯಲ್ಲಿ. ಗುಂಡು ಅದರ ತುದಿಯದ್ದು ಮಾತ್ರ. ಹಾಗಾಗಿ 'ಗುಂಡುಪಟ್ಟಿ' ಸರಿಯಲ್ಲ, 'ತೋಟಾ ಪಟ್ಟಿ' ಅನ್ನಿ.

ಆ ಕಾಲದ ಬ್ರಿಟಿಷ್ ಮಾದರಿಯದ್ದು, 1903ರ ಪ್ಯಾಟರ್ನ್, ಚರ್ಮದ್ದು. ಕಾಲಾಳಿನದ್ದಕ್ಕೆ ಐದು ಚೀಲ, 50 ತೋಟಾ. ಕುದುರೆಯವರದ್ದಕ್ಕೆ ಒಂಬತ್ತು ಚೀಲ, 90 ತೋಟಾ: ಐದು ಚೀಲ ಎದೆ ಮೇಲೆ, ನಾಲ್ಕು ಬೆನ್ನಿಗೆ. ಸುತ್ತ ಇಷ್ಟು ಭಾರ ಹೊತ್ತು ಬಿಸಿಲಲ್ಲಿ ಕುದುರೆ ಮೇಲೆ ಕೂತರೆ ಚರ್ಮದ ಪಟ್ಟಿಯ ಕೆಳಗೆ ಕುರ್ತಾ ಬೆವರಿಗೆ ನೆನೆದು ಕಪ್ಪು ಗೆರೆ ಬೀಳುತ್ತದೆ. ನಿಮ್ಮ ಗೆಳೆಯರ ಕುರ್ತಾದಲ್ಲಿ ಆ ಗೆರೆ ಬಿದ್ದಿದ್ದರೆ ದಯವಿಟ್ಟು ಒಗೆಸಬೇಡಿ ಅನ್ನಿ.
— ತೀ.ಗೌ., ಕೊಪ್ಪ

*

ಸ್ವಾಮಿ, ಖಾಕಿಯ ಮಾತು ಬಂದಾಗ ಮಂಗಳೂರಿನವರು ಸುಮ್ಮನಿರುವುದು ಹೇಗೆ? ಖಾಕಿ ಬಣ್ಣ ಹುಟ್ಟಿದ್ದೇ ನಮ್ಮ ಬಲ್ಮಠದಲ್ಲಿ. ಬಾಸೆಲ್ ಮಿಷನ್ (ಸ್ವಿಸ್ ಕ್ರೈಸ್ತ ಮಿಷನರಿ ಸಂಸ್ಥೆ) ನಡೆಸುತ್ತಿದ್ದ ನೇಯ್ಗೆ ಕಾರ್ಖಾನೆಗೆ 1850ರ ದಶಕದ ಶುರುವಿನಲ್ಲಿ ಹಾಲರ್ ಅನ್ನುವವರು ಬಂದರು. ಹೊಸ ಮಗ್ಗ ತಂದರು, ಇಲ್ಲಿಯ ಮರದ ರಸದಿಂದ ಬಣ್ಣ ಮಾಡಿದರು. ಅದೇ ಮುಂದೆ ಪೊಲೀಸರಿಗೂ ಸೈನ್ಯಕ್ಕೂ ಹೋಯಿತು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಕರ್ನಾಟಕದಲ್ಲಿ ನಡೆಯುವ ಪ್ರದರ್ಶನ, ಒಂದು ಸಾಲಾದರೂ ಇರಲಿ.
— ಗು.ಭ., ಮಂಗಳೂರು

*

ಎಲ್ಲರೂ ಹೇಳುವುದು ಆಧಾರ ಅಲ್ಲ.

ಪೇಶಾವರದಲ್ಲಿ ಬ್ರಿಟಿಷ್ ಅಧಿಕಾರಿ ಹ್ಯಾರಿ ಲಮ್ಸ್‌ಡನ್ 'ಗೈಡ್ಸ್' ಅನ್ನುವ ಪಡೆ ಕಟ್ಟಿದ್ದು 1846ರಲ್ಲಿ. ಮಣ್ಣಿನ ಬಣ್ಣದ ಬಟ್ಟೆ ಆ ಪಡೆಗೆ ಬಂದದ್ದು ನಿಮ್ಮ ಹಾಲರ್ ಬರುವುದಕ್ಕಿಂತ ಮೊದಲು. ಪದವಂತೂ ಫಾರಸಿ: ಖಾಕ್ ಅಂದರೆ ಮಣ್ಣು, ಧೂಳು, ಖಾಕಿ ಅಂದರೆ ಮಣ್ಣಿನ ಬಣ್ಣದ್ದು. ಮಂಗಳೂರಿನ ಬಣ್ಣ ಚೆನ್ನಾಗಿತ್ತು, ಒಪ್ಪುತ್ತೇನೆ. ಪದ ಅಲ್ಲಿ ಹುಟ್ಟಲಿಲ್ಲ.
— ಶಿ.ಪಾ.

*

ಪದ ಅಲ್ಲಿ ಹುಟ್ಟಿತು ಅಂತ ನಾನು ಹೇಳಿದ್ದೆಲ್ಲಿ? ಬಣ್ಣ ಅಂದೆ. ಓದಿ ಉತ್ತರ ಬರೆಯಿರಿ ಮಾರಾಯ್ರೇ.
— ಗು.ಭ.

*

ಜಗಳದ ನಡುವೆ ಪಟ್ಟೀಸ್ ಮರೆತೇ ಹೋಯಿತು. ಅದು ಇಂಗ್ಲಿಷಿಗೆ ಹೋದದ್ದೇ ಹಿಂದಿಯ 'ಪಟ್ಟಿ'ಯಿಂದ. ಕನ್ನಡದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತೇವೆ, ಸೀರೆಗೆ ಜರಿ ಪಟ್ಟಿ ಅನ್ನುತ್ತೇವೆ. ಹೊರಗೆ ಹೋಗಿ 'ಪಟ್ಟೀಸ್' ಆಗಿ ವಾಪಸ್ ಬಂದದ್ದನ್ನು ಮತ್ತೆ ಲಿಪ್ಯಂತರ ಮಾಡೋದು ಯಾಕೆ? ನಮ್ಮ ತಂದೆ ಪೊಲೀಸ್ ಪೇದೆಯಾಗಿದ್ದರು. ಮನೆಯಲ್ಲಿ ಅದಕ್ಕೆ 'ಕಾಲುಪಟ್ಟಿ' ಅನ್ನುತ್ತಿದ್ದರು. ಸಂಜೆ ಬಿಚ್ಚಿ, ಒದರಿ, ಬಿಗಿಯಾಗಿ ಸುರುಳಿ ಸುತ್ತಿ ಇಡೋದು ನಮ್ಮ ಕೆಲಸ. ಸಡಿಲ ಸುತ್ತಿದರೆ ಬೆಳಗ್ಗೆ ಬೈಗುಳ.

ಒಂದು ವಿಷಯ ಆ ಗೆಳೆಯರಿಗೆ ತಿಳಿಸಿ. ಕಾಲಾಳುಗಳು ಕಾಲುಪಟ್ಟಿಯನ್ನು ಕಣಕಾಲಿನಿಂದ ಶುರು ಮಾಡಿ ಮೇಲಕ್ಕೆ ಸುತ್ತಿ ಮಂಡಿಯ ಕೆಳಗೆ ದಾರ ಕಟ್ಟುತ್ತಿದ್ದರು. ಕುದುರೆಯವರು ಉಲ್ಟಾ: ಮಂಡಿಯಿಂದ ಕೆಳಕ್ಕೆ ಸುತ್ತಿ ಕಣಕಾಲಿನ ಹತ್ತಿರ ಕಟ್ಟುತ್ತಿದ್ದರು. ದಾರದ ಗಂಟು ಎಲ್ಲಿದೆ ಅಂತ ನೋಡಿದರೆ ಫೋಟೊದಲ್ಲಿರುವವನು ಸವಾರನೋ ಕಾಲಾಳೋ ಗೊತ್ತಾಗುತ್ತೆ. ಪ್ರದರ್ಶನಕ್ಕೆ ಬರುವ ಹಳೆಯ ಮಿಲಿಟರಿಯವರು ಮೊದಲು ನೋಡೋದು ಅದನ್ನೇ.

ಕ್ರಿಯಾಪದದಲ್ಲೂ ಎಚ್ಚರ ಇರಲಿ. ಪಂಚೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಪಟ್ಟಿ ಸುತ್ತುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಎಲ್ಲಕ್ಕೂ 'ಧರಿಸು' ಅಂತ ಬರೆದು ಫಲಕವನ್ನು ಸರ್ಕಾರಿ ಸುತ್ತೋಲೆ ಮಾಡಬೇಡಿ.
— ಜ.ನಾ., ತುಮಕೂರು

*

ಜ.ನಾ. ಸರ್, ತುಂಬ ಉಪಕಾರ ಆಯಿತು. ಗುಂಪಿನವರಿಗೆ ಫೋನ್ ಮಾಡಿದೆ. ಇಬ್ಬರು ಕೆಳಗಿನಿಂದ ಮೇಲಕ್ಕೆ ಸುತ್ತಿಕೊಂಡಿದ್ದರಂತೆ, ಈಗ ಬಿಚ್ಚಿ ಮತ್ತೆ ಸುತ್ತುತ್ತಿದ್ದಾರೆ.

ಇನ್ನೆರಡು ಉಳಿದಿವೆ. ತಲೆಯದ್ದಕ್ಕೆ 'ಪೇಟ' ಹಾಕಲಾ? ಮತ್ತೆ ರೀಎನಾಕ್ಟ್‌ಮೆಂಟ್? ಪತ್ರಿಕೆಯ ಗೆಳತಿ 'ಅಣಕು ಪ್ರದರ್ಶನ' ಅಂದಳು. ಗುಂಪಿನವರು ಕೇಳಿ ಕೋಪ ಮಾಡಿಕೊಂಡರು. 'ವೇಷ' ಅಂದರೆ ಇನ್ನೂ ಜಾಸ್ತಿ ಕೋಪ.
— ವ.ಸು.

*

ಪೇಟ ಬೇಡ. ಮೈಸೂರು ಪೇಟ ಅಂದರೆ ಈಗ ಶಾಲು, ಹಾರ, ಹಣ್ಣಿನ ಬುಟ್ಟಿ. ದಂಡಿನಲ್ಲಿ ಸುತ್ತುತ್ತಿದ್ದದ್ದು ಜರಿಯಿಲ್ಲದ ಖಾಕಿ ಬಟ್ಟೆ. 'ಮುಂಡಾಸು' ಸರಿ. ನಮ್ಮ ಕಡೆ ರುಮಾಲು, ಪಟಗಾ ಅನ್ನುತ್ತಾರೆ. ಆದರೆ ದಕ್ಷಿಣದವರು ರುಮಾಲನ್ನು ಕರವಸ್ತ್ರ ಮಾಡಿಬಿಡುತ್ತಾರೆ.

ಅಣಕು ಅಂದರೆ ಗೇಲಿ. ಅಗ್ನಿಶಾಮಕ ದಳದ ಕಾರ್ಯಾಚರಣೆಗೇ ಅದು ಒಪ್ಪುವುದಿಲ್ಲ, ಸತ್ತ ಸಿಪಾಯಿಗಳ ನೆನಪಿಗೆ ಹೇಗೆ ಒಪ್ಪೀತು? 'ಮರುನಟನೆ', 'ಮರುಸೃಷ್ಟಿ' ಎರಡೂ ಅರಿಸಮಾಸ, ಆದರೆ ಬಳಕೆಗೆ ಬಂದಿವೆ, ನಡೆಯಲಿ.
— ಶಿ.ಪಾ.

*

ಅರಿಸಮಾಸ ಅಂತ ಗೊತ್ತಿದ್ದೂ 'ನಡೆಯಲಿ'. ನಾನು 'ಮರುಕಟ್ಟಣೆ' ಅಂದಾಗ ಯಾರೂ ತಿರುಗಿ ನೋಡಲಿಲ್ಲ. ನಾಟಕ ಕಟ್ಟು, ವೇಷ ಕಟ್ಟು, ಮುಂಡಾಸು ಕಟ್ಟು. 'ಕಟ್ಟು' ಒಂದರಲ್ಲೇ ಇವರ ಕೆಲಸ ಎಲ್ಲ ಇದೆ. ಕನ್ನಡಿಗರಿಗೆ ಕನ್ನಡದ ಪದ ಕೇಳಿದರೆ ನಗು, ಫಾರಸಿ ಕೇಳಿದರೆ ಗೌರವ. ಸವಾರ, ದಫೇದಾರ, ರಿಸಾಲ್ದಾರ, ಎಲ್ಲ ಹೊರಗಿನವು. ಇವನ್ನೂ ಫಲಕದಲ್ಲಿ ಹಾಕುತ್ತೀರಾ?
— ರಾ.ಶೆ.

*

ಹಾಕಬೇಕು. ಅವು ಆ ಜನರ ಹುದ್ದೆಗಳು. ಅವರಿಗೆ ಸಂಬಳ ಬಂದದ್ದು ದಫೇದಾರ ಅಂತ, ಪಡೆಮುಂದಾಳು ಅಂತ ಅಲ್ಲ. ಡಿಸಿ ಕಚೇರಿಯ ಬಾಗಿಲಲ್ಲಿ ಇವತ್ತಿಗೂ ದಫೇದಾರ ನಿಂತಿರುತ್ತಾನೆ. ಹಳ್ಳಿಯಿಂದ ಅರ್ಜಿ ಹಿಡಿದು ಬಂದ ಅಜ್ಜಿ ಅವನನ್ನು 'ದಫೇದಾರಪ್ಪ' ಅಂತಲೇ ಕರೆಯುತ್ತಾಳೆ. ಅಪ್ಪ ಸೇರಿದ ಮೇಲೆ ಅದು ಯಾವ ದೇಶದ ಪದ ಅಂತ ಕೇಳೋದೇನಿದೆ?

ಪಡೆಯ ಹೆಸರನ್ನೂ ಮುಟ್ಟಬೇಡಿ. ಜೆ.ಸಿ. ನಗರದ ಸ್ಮಾರಕ ಮೈಸೂರು ಲ್ಯಾನ್ಸರ್ಸ್‌ನದು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಹೈದರಾಬಾದ್, ಮೈಸೂರು, ಜೋಧಪುರದ ಲ್ಯಾನ್ಸರ್‌ಗಳು. ಅಲ್ಲಿಗೆ 'ಈಟಿರಾವುತರು' ಅಂತ ಹೋದರೆ ಯಾರ ಗುರುತೂ ಸಿಗುವುದಿಲ್ಲ.
— ತೀ.ಗೌ.

*

ಎಲ್ಲರಿಗೂ ವಂದನೆ. ಈಗಷ್ಟೇ ಕಳಿಸಿದೆ. ದೊಡ್ಡ ಫಲಕದಲ್ಲಿ 'ಮೈಸೂರು ಲ್ಯಾನ್ಸರ್ಸ್: ದಂಡಿನ ಉಡುಪು, 1918'. ಒಳಗೆ ಮುಂಡಾಸು, ಖಾಕಿ ಕುರ್ತಾ, ತೋಟಾ ಪಟ್ಟಿ, ಕಾಲುಪಟ್ಟಿ, ಬೂಟು, ಈಟಿ. ಈಟಿಯ ಹಿಡಿ ಟೊಳ್ಳಿಲ್ಲದ ಗಟ್ಟಿ ಬಿದಿರು ಅಂತ ಒಂದು ಸಾಲು ಸೇರಿಸಿದೆ. ಕಾಲುಪಟ್ಟಿ ಮೇಲಿಂದ ಕೆಳಕ್ಕೆ ಯಾಕೆ ಅನ್ನೋದಕ್ಕೆ ಪುಟ್ಟ ಚಿತ್ರ ಇದೆ. ಕಾರ್ಯಕ್ರಮಕ್ಕೆ 'ಮರುನಟನೆ'. ರಾ.ಶೆ. ಸರ್, 'ಕಟ್ಟು' ಬಿಟ್ಟಿಲ್ಲ: 'ಮುಂಡಾಸು ಕಟ್ಟಿ ನೋಡಿ' ಅಂತ ಮಕ್ಕಳ ಮೂಲೆಯಲ್ಲಿ ಬರೆಸಿದ್ದೇನೆ. ಬಲ್ಮಠದ ಬಣ್ಣದ ಬಗ್ಗೆ 'ಎಂಬ ಮಾತಿದೆ' ಅಂತ ಹಾಕಿದ್ದೇನೆ.
— ವ.ಸು.

*

'ಎಂಬ ಮಾತಿದೆ' ಅಂತೆ! ಬಲ್ಮಠಕ್ಕೆ ಬಂದು ನೋಡಿ ಆಮೇಲೆ ಬರೆಯಿರಿ.
— ಗು.ಭ.

*

ಖಾಕಿಯ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಕೇಳಿದ ಪದ ಸಿಕ್ಕಾಯಿತು.
— ಶಿ.ಪಾ.